ಮುದ್ರೆ ನೋಡಿದರೆ ಸಾಲದು, ಓದಬೇಕು

ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ತೊಳೆದು ಬೋರಲು ಹಾಕಿದಾಗ ಅದನ್ನೊಮ್ಮೆ ಗಮನಿಸಿ ನೋಡಿ. ತಳದಲ್ಲೋ ಪಕ್ಕದಲ್ಲೋ ಐಎಸ್‌ಐ ಎಂಬ ಅಕ್ಷರಗಳ ಪುಟ್ಟ ಮುದ್ರೆಯೊಂದು ಕಾಣಿಸುತ್ತದೆ. ಇಸ್ತ್ರಿ ಪೆಟ್ಟಿಗೆ, ಗ್ಯಾಸ್ ಒಲೆ, ಗೋಡೆಯ ಸ್ವಿಚ್ಚು, ಅಪ್ಪನ ಹೆಲ್ಮೆಟ್ಟು ಇವುಗಳ ಮೇಲೂ ಅದೇ ಮುದ್ರೆ. ಅಂಗಡಿಗೆ ಹೋದಾಗ “ಐಎಸ್‌ಐ ಮಾರ್ಕ್ ಇದೆಯೇನಪ್ಪಾ?” ಎಂದು ಹಿರಿಯರು ಕೇಳುತ್ತಾರೆ. “ಇದೆ ಸಾರ್, ನೋಡಿ” ಎಂದು ಅಂಗಡಿಯವರು ಡಬ್ಬಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ನಿಜವಾಗಿ ಮಾತು ಆರಂಭವಾಗಬೇಕಾದದ್ದು ಅಲ್ಲಿಂದಲೇ. ಆ ಮುದ್ರೆ ಬರಿಯ ಅಲಂಕಾರವಲ್ಲ. ಅದರ ಮೇಲ್ಗಡೆ ಒಂದು ಸಂಖ್ಯೆ, ಕೆಳಗಡೆ ಇನ್ನೊಂದು ಸಂಖ್ಯೆ ಇರುತ್ತವೆ. ಮೇಲಿನ ಸಂಖ್ಯೆ ಏನನ್ನು ಪರೀಕ್ಷಿಸಲಾಗಿದೆ ಎಂಬುದನ್ನು ಹೇಳಿದರೆ, ಕೆಳಗಿನದು ಅದಕ್ಕೆ ಹೊಣೆ ಯಾರು ಎಂಬುದನ್ನು ಹೇಳುತ್ತದೆ. ಈ ಎರಡನ್ನೂ ಓದಲು ಬಾರದವರಿಗೆ ಅಸಲಿ ಮುದ್ರೆಗೂ ನಕಲಿ ಮುದ್ರೆಗೂ ವ್ಯತ್ಯಾಸ ತಿಳಿಯದು. ಅಷ್ಟೇ ಅಲ್ಲ, ಅಸಲಿ ಮುದ್ರೆಯೇ ಇರುವ ವಸ್ತುವನ್ನು ತಪ್ಪು ಕೆಲಸಕ್ಕೆ ಬಳಸಿ ಅಪಾಯ ತಂದುಕೊಳ್ಳುವುದೂ ಉಂಟು. ಆದ್ದರಿಂದ ಈ ವಾರ ಮುದ್ರೆ ಓದುವುದನ್ನು ಕಲಿಯೋಣ.

ಮಾನಕ ಎಂದರೇನು?

ಗದಗದಲ್ಲಿ ಕೊಂಡ ಬಲ್ಬು ಮಂಗಳೂರಿನ ಮನೆಯ ಹೋಲ್ಡರಿನಲ್ಲಿ ಸರಿಯಾಗಿ ಕೂರುತ್ತದೆ. ಒಂದು ಕಂಪೆನಿಯ ಪ್ಲಗ್ಗು ಇನ್ನೊಂದು ಕಂಪೆನಿಯ ಸಾಕೆಟ್ಟಿಗೆ ಹೊಂದುತ್ತದೆ. ಇದು ತಾನಾಗಿಯೇ ಆದದ್ದಲ್ಲ. ಯಾವ ವಸ್ತುವಿನ ಅಳತೆ ಎಷ್ಟಿರಬೇಕು, ಅದನ್ನು ಯಾವ ಪದಾರ್ಥದಿಂದ ಮಾಡಬೇಕು, ಎಷ್ಟು ಶಾಖ, ಎಷ್ಟು ಒತ್ತಡ, ಎಷ್ಟು ಹೊಡೆತವನ್ನು ಅದು ತಾಳಿಕೊಳ್ಳಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ತಜ್ಞರು, ತಯಾರಕರು, ಬಳಕೆದಾರರು ಕೂಡಿ ಕುಳಿತು ಚರ್ಚಿಸಿ ಬರೆದಿಟ್ಟಿರುತ್ತಾರೆ. ಹೀಗೆ ಬರೆದಿಟ್ಟ ಒಪ್ಪಂದಕ್ಕೆ ಮಾನಕ ಎಂದು ಹೆಸರು.

ಮಾನಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ನೆರವಿಗಾಗಿ ವಾಷಿಂಗ್ಟನ್ ಮುಂತಾದ ಊರುಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ಆದರೆ ಅವರು ತಂದ ನೀರಿನ ಕೊಳವೆಗಳಲ್ಲಿ ಹಲವು ಬಾಲ್ಟಿಮೋರಿನ ನಲ್ಲಿಗಳಿಗೆ ಹೊಂದಲಿಲ್ಲ! ಊರಿಗೊಂದು ಅಳತೆ, ಊರಿಗೊಂದು ಬಗೆಯ ಮರೆ. ನೀರಿತ್ತು, ಕೊಳವೆಯಿತ್ತು, ಜನರಿದ್ದರು. ಜೋಡಿಸುವ ದಾರಿ ಮಾತ್ರ ಇರಲಿಲ್ಲ. ಸುಮಾರು 30 ಗಂಟೆ ಉರಿದ ಆ ಬೆಂಕಿಗೆ 1,500ಕ್ಕೂ ಹೆಚ್ಚು ಕಟ್ಟಡಗಳು ಆಹುತಿಯಾದವು. ಆ ಬಳಿಕ ಕೊಳವೆಗಳಿಗೆ ದೇಶಕ್ಕೆಲ್ಲ ಒಂದೇ ಅಳತೆ ಇರಬೇಕೆಂಬ ಮಾತಿಗೆ ಬಲ ಬಂತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದು 1947ರ ಜನವರಿಯಲ್ಲಿ ಭಾರತೀಯ ಮಾನಕ ಸಂಸ್ಥೆ ಆರಂಭವಾಯಿತು. ಇಂಗ್ಲಿಷಿನಲ್ಲಿ ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್. ಐಎಸ್‌ಐ ಎಂಬುದು ಅದರ ಹ್ರಸ್ವರೂಪ. 1952ರಲ್ಲಿ ಮುದ್ರೆಗೆ ಸಂಬಂಧಿಸಿದ ಕಾಯಿದೆ ಬಂದು, 1955ರಿಂದ ವಸ್ತುಗಳ ಮೇಲೆ ಮುದ್ರೆ ಹಾಕುವ ಪದ್ಧತಿ ಜಾರಿಯಾಯಿತು. 1986ರ ಕಾಯಿದೆಯ ಪ್ರಕಾರ 1987ರ ಏಪ್ರಿಲ್ 1ರಂದು ಈ ಸಂಸ್ಥೆಯ ಕೆಲಸವನ್ನು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ವಹಿಸಿಕೊಂಡಿತು. ಈಗ ಜಾರಿಯಲ್ಲಿರುವುದು 2016ರ ಕಾಯಿದೆ. ಸಂಸ್ಥೆಯ ಹೆಸರು ಬದಲಾದರೂ ಜನರ ಬಾಯಲ್ಲಿ ನೆಲೆಯೂರಿದ್ದ ಹಳೆಯ ಮುದ್ರೆಯನ್ನೇ ಉಳಿಸಿಕೊಳ್ಳಲಾಯಿತು. ಐಎಸ್‌ಐ ಎಂಬ ಸಂಸ್ಥೆ ಇಂದು ಇಲ್ಲ, ಐಎಸ್‌ಐ ಮುದ್ರೆ ಮಾತ್ರ ಇದೆ. ರಸಪ್ರಶ್ನೆಯಲ್ಲಿ ಈ ಪ್ರಶ್ನೆ ಬಂದರೆ ಉತ್ತರಿಸಲು ಮರೆಯಬೇಡಿ.

ಭಾರತದ ಮಾನಕಗಳಲ್ಲಿ ಒಂದನೆಯ ಸಂಖ್ಯೆ ಯಾವುದಕ್ಕೆ ಸಂದಿದೆ ಗೊತ್ತೆ? ನಮ್ಮ ರಾಷ್ಟ್ರಧ್ವಜಕ್ಕೆ. 1951ರಲ್ಲಿ ಹೊರಬಂದ ಐಎಸ್ 1 ಎಂಬ ಮಾನಕವು ಬಟ್ಟೆಯ ನೇಯ್ಗೆ, ಬಣ್ಣದ ಛಾಯೆ, ಉದ್ದ ಅಗಲಗಳ ಪ್ರಮಾಣ ಎಲ್ಲವನ್ನೂ ಗೊತ್ತುಪಡಿಸಿತು. ಈ ಮಾನಕಕ್ಕೆ ಅನುಗುಣವಾಗಿ ಖಾದಿ ಧ್ವಜವನ್ನು ತಯಾರಿಸುವ ಕೇಂದ್ರ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದೆ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಧ್ವಜದ ಬಣ್ಣ ಮಾಸಿದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಅದು ಗೌರವದ ಪ್ರಶ್ನೆ. ಆದರೆ ದಿನನಿತ್ಯ ಕೈಯಲ್ಲಿ ಹಿಡಿಯುವ ಕೆಲವು ವಸ್ತುಗಳಲ್ಲಿ ಮಾನಕವೆಂಬುದು ಪ್ರಾಣದ ಪ್ರಶ್ನೆಯೇ ಆಗುತ್ತದೆ. ಮೊದಲಿಗೆ ಕುಕ್ಕರನ್ನೇ ತೆಗೆದುಕೊಳ್ಳೋಣ.

ಮುಚ್ಚಳದ ಮೇಲೆ ಆರು ಮೂಟೆ

ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿದರೆ ಹಬೆಯ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ವಾಯುಮಂಡಲದ ಒತ್ತಡಕ್ಕಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟು ಹೆಚ್ಚು ಒತ್ತಡವಿದ್ದಾಗ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೊಗರಿಬೇಳೆ ಬೇಗ ಬೇಯುವ ಗುಟ್ಟು ಇದು.

ಈಗ ಒಂದು ಸಣ್ಣ ಲೆಕ್ಕ. ಕುಕ್ಕರಿನ ಮುಚ್ಚಳದ ವ್ಯಾಸ 20 ಸೆಂಟಿಮೀಟರ್ ಎಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಭಾರವಾದರೆ ಇಡೀ ಮುಚ್ಚಳವನ್ನು ಹಬೆಯು ಮೇಲಕ್ಕೆ ತಳ್ಳುವ ಬಲ 314 ಕಿಲೋಗ್ರಾಂ ಭಾರ. ಅಂದರೆ 50 ಕಿಲೋ ಅಕ್ಕಿಯ ಆರು ಮೂಟೆಗಳಿಗೂ ತುಸು ಹೆಚ್ಚು! ಅಮ್ಮ ಮುಂದೆ ನಿಂತು ಒಗ್ಗರಣೆ ಹಾಕುತ್ತಿರುವಾಗ ಪಕ್ಕದ ಒಲೆಯ ಮೇಲಿನ ಆ ಪುಟ್ಟ ಪಾತ್ರೆ ಇಷ್ಟು ಬಲವನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ.

ಒತ್ತಡ ಇದಕ್ಕಿಂತ ಮೇಲೇರದಂತೆ ನೋಡಿಕೊಳ್ಳುವುದು ಮುಚ್ಚಳದ ಮೇಲೆ ಕೂರಿಸುವ ತೂಕ, ನಾವು ವಿಷಲ್ ಎನ್ನುವ ಭಾಗ. ಅದು ಕುಳಿತಿರುವ ರಂಧ್ರದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿನ ಹತ್ತನೆಯ ಒಂದು ಭಾಗ, ತೂಕ 100 ಗ್ರಾಂ ಎಂದುಕೊಳ್ಳಿ. ಒಳಗಿನ ಒತ್ತಡ 1 ಕಿಲೋಗ್ರಾಂ ದಾಟಿದೊಡನೆ ಹಬೆ ಆ ತೂಕವನ್ನು ಎತ್ತಿ ಹೊರಬರುತ್ತದೆ, ಕುಕ್ಕರ್ ಕೂಗುತ್ತದೆ. ಹಳೆಯ ವಿಷಲ್ ಕಳೆದುಹೋಯಿತೆಂದು ಬೇರೆ ಯಾವುದೋ ಕುಕ್ಕರಿನ 150 ಗ್ರಾಂ ತೂಕದ ವಿಷಲನ್ನು ಅದೇ ರಂಧ್ರದ ಮೇಲೆ ಕೂರಿಸಿದರೆ? ಕುಕ್ಕರ್ ಆಗಲೂ ಕೂಗುತ್ತದೆ. ಆದರೆ ಒಳಗಿನ ಒತ್ತಡ ಒಂದೂವರೆಪಟ್ಟು ಏರಿದ ಮೇಲೆ. ಮುಚ್ಚಳದ ಮೇಲಿನ ಬಲ ಆಗ 471 ಕಿಲೋಗ್ರಾಂ ಭಾರ. ಹೊರಗಿನಿಂದ ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣದು. (ಮಕ್ಕಳೇ, ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ಒಲೆಯ ಮೇಲೆ ಬೇಡ.)

ರಂಧ್ರದಲ್ಲಿ ಬೇಳೆಯ ಸಿಪ್ಪೆ ಸಿಕ್ಕಿಕೊಂಡರೆ ತೂಕ ಸರಿಯಿದ್ದೂ ಪ್ರಯೋಜನವಿಲ್ಲ. ಅದಕ್ಕೆಂದೇ ಮುಚ್ಚಳದಲ್ಲಿ ಇನ್ನೊಂದು ಕಾವಲುಗಾರನಿದ್ದಾನೆ: ಸೇಫ್ಟಿ ವಾಲ್ವ್. ಬಹಳಷ್ಟು ಕುಕ್ಕರುಗಳಲ್ಲಿ ಇದರೊಳಗೆ ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹದ ಬೆಣೆ ಇರುತ್ತದೆ. ಶಾಖ ಮಿತಿಮೀರಿದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ತಾನು ಅಳಿದು ಮನೆಯವರನ್ನು ಉಳಿಸುವುದೇ ಅದರ ಕೆಲಸ. ಮೇಲುನೋಟಕ್ಕೆ ಅದೇ ಆಕಾರದ, ಆದರೆ ಬೇಗ ಕರಗದ ಲೋಹದ ಬಿಡಿಭಾಗವನ್ನು ಹಾಕಿಸಿಕೊಂಡರೆ ಕಾವಲುಗಾರನನ್ನು ಕಳುಹಿಸಿ ಅವನ ಗೊಂಬೆಯನ್ನು ನಿಲ್ಲಿಸಿದಂತೆ.

ಮುಚ್ಚಿದ ಪಾತ್ರೆಯಲ್ಲಿ ಒತ್ತಡದಿಂದ ಬೇಯಿಸುವ ಸಾಧನವನ್ನು 1679ರಲ್ಲಿ ರೂಪಿಸಿದ ಫ್ರಾನ್ಸಿನ ದೆನಿ ಪಾಪಿನ್ ಅದಕ್ಕೊಂದು ಸುರಕ್ಷಾ ಕವಾಟವನ್ನೂ ಅಳವಡಿಸಿದ್ದ. ಅಂದರೆ ಕುಕ್ಕರು ಹುಟ್ಟಿದಾಗಿನಿಂದಲೂ ಅದರ ಸುರಕ್ಷೆಯ ಚಿಂತೆ ಜೊತೆಗೇ ಬಂದಿದೆ. ಮನೆಬಳಕೆಯ ಕುಕ್ಕರಿಗೆ ನಮ್ಮ ಮಾನಕದ ಸಂಖ್ಯೆ ಐಎಸ್ 2347. ಕುಕ್ಕರಿನ ಐಎಸ್‌ಐ ಮುದ್ರೆಯ ಮೇಲ್ಗಡೆ ಈ ಸಂಖ್ಯೆಯೇ ಇರಬೇಕು. 2021ರ ಫೆಬ್ರುವರಿ 1ರಿಂದ ಮನೆಬಳಕೆಯ ಕುಕ್ಕರುಗಳಿಗೆ ಈ ಮುದ್ರೆ ಕಡ್ಡಾಯವಾಗಿದೆ. 2022ರಲ್ಲಿ ಮುದ್ರೆಯಿಲ್ಲದ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಂಡ ವಿಧಿಸಿ, ಕೊಂಡವರಿಗೆ ಹಣ ಹಿಂದಿರುಗಿಸಬೇಕೆಂದು ಆದೇಶಿಸಿತು.

ಒಂದು ಅಗುಳಿನ ಪರೀಕ್ಷೆ

ಮುದ್ರೆ ಇದೆ ಎಂದ ಮಾತ್ರಕ್ಕೆ ನಿಮ್ಮ ಮನೆಯ ಕುಕ್ಕರನ್ನೇ ಒಯ್ದು ಎಲ್ಲ ಪರೀಕ್ಷೆಗೂ ಒಡ್ಡಿದ್ದಾರೆಂದು ತಿಳಿಯಬೇಡಿ. ಅದು ಸಾಧ್ಯವೂ ಇಲ್ಲ. ಎಷ್ಟು ಒತ್ತಡಕ್ಕೆ ಸಿಡಿಯುತ್ತದೆ ಎಂದು ನೋಡಬೇಕಾದರೆ ಕುಕ್ಕರನ್ನು ಸಿಡಿಸಲೇಬೇಕು. ಸಿಡಿದ ಕುಕ್ಕರನ್ನು ಮಾರಲಾದೀತೆ? ಬೆಂಕಿಕಡ್ಡಿ ಹೊತ್ತುತ್ತದೆಯೇ ಎಂದು ಒಂದೊಂದನ್ನೂ ಗೀರಿ ನೋಡಿದರೆ ಪೆಟ್ಟಿಗೆಯಲ್ಲಿ ಉಳಿಯುವುದೇನು?

ಹಾಗಾದರೆ ಏನು ಮಾಡುತ್ತಾರೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ಅಜ್ಜಿ ಒಂದೆರಡು ಅಗುಳನ್ನು ಹಿಸುಕಿ ನೋಡುತ್ತಾರಲ್ಲ, ಅದೇ ಉಪಾಯ. ಕಾರ್ಖಾನೆಯವರು ಅರ್ಜಿ ಹಾಕಿದಾಗ ಬ್ಯೂರೋದ ಅಧಿಕಾರಿಗಳು ಅಲ್ಲಿಗೆ ಹೋಗಿ ಯಂತ್ರಗಳನ್ನೂ ತಪಾಸಣೆಯ ಏರ್ಪಾಡನ್ನೂ ನೋಡುತ್ತಾರೆ. ಮಾದರಿಗಳನ್ನು ತೆಗೆದುಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಎಲ್ಲ ಸರಿಯಿದ್ದರೆ ಪರವಾನಗಿ ಸಿಗುತ್ತದೆ. ಮುಂದೆಯೂ ಕಾರ್ಖಾನೆಯಿಂದ, ಅಂಗಡಿಗಳಿಂದ ಮಾದರಿಗಳನ್ನು ತೆಗೆದು ಪರೀಕ್ಷಿಸುವ ಪದ್ಧತಿ ಇದೆ. ತಪ್ಪು ಕಂಡುಬಂದರೆ ಪರವಾನಗಿಗೆ ತಡೆ ಬೀಳುತ್ತದೆ, ರದ್ದಾಗಲೂಬಹುದು.

ಅಜ್ಜಿಯ ಉಪಾಯಕ್ಕೆ ಒಂದು ಷರತ್ತಿದೆ. ತಪ್ಪಲೆಯಲ್ಲಿ ಅನ್ನ ಒಂದೇ ಸಮ ಬೇಯುತ್ತಿದ್ದರೆ ಮಾತ್ರ ಒಂದು ಅಗುಳು ಇಡೀ ಅನ್ನದ ಸುದ್ದಿ ಹೇಳೀತು. ಕಾರ್ಖಾನೆಯೂ ಹಾಗೆಯೇ. ದಿನವೂ ಒಂದೇ ದಪ್ಪದ ತಗಡು, ಒಂದೇ ಬಗೆಯ ರಬ್ಬರು ಬಳಕೆಯಾಗುತ್ತಿದ್ದರೆ ಮಾದರಿಯ ಮಾತು ಉಳಿದ ಕುಕ್ಕರುಗಳಿಗೂ ಅನ್ವಯಿಸುತ್ತದೆ. ಆದ್ದರಿಂದಲೇ ಅಧಿಕಾರಿಗಳು ವಸ್ತುವಿನ ಜೊತೆಗೆ ಕಾರ್ಖಾನೆಯನ್ನೂ ನೋಡುವುದು.

ಮುದ್ರೆಯ ಕೆಳಗಿರುವ ಸಂಖ್ಯೆಗೆ ಈಗ ಅರ್ಥ ಬಂತು. ಸಿಎಂ/ಎಲ್ ಎಂಬ ಅಕ್ಷರಗಳ ಮುಂದೆ ಬರೆದಿರುವ ಆ ಅಂಕಿಗಳು ಪರವಾನಗಿ ಸಂಖ್ಯೆ. ಪರವಾನಗಿಯನ್ನು ಕಂಪೆನಿಯ ಹೆಸರಿಗೆ ಸಾರಾಸಗಟಾಗಿ ಕೊಡುವುದಿಲ್ಲ. ಇಂಥ ಕಾರ್ಖಾನೆಯಲ್ಲಿ ತಯಾರಾಗುವ ಇಂಥ ವಸ್ತುವಿಗೆ ಎಂದು ಕೊಡುತ್ತಾರೆ. ಒಂದೇ ಕಂಪೆನಿಗೆ ಎರಡು ಊರಿನಲ್ಲಿ ಕಾರ್ಖಾನೆಗಳಿದ್ದರೆ ಸಂಖ್ಯೆಗಳೂ ಎರಡು. ಮನೆಗೆ ವಿಳಾಸ ಇದ್ದಂತೆ ಇದು ಹೊಣೆಗಾರಿಕೆಯ ವಿಳಾಸ. ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ ಇಲ್ಲದೆ ಬರಿ ಐಎಸ್‌ಐ ಎಂಬ ಅಕ್ಷರಗಳಷ್ಟೇ ಇದ್ದರೆ ಅದು ವಿಳಾಸವಿಲ್ಲದ ಕಾಗದ. ಅಂಥ ವಸ್ತುವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎರಡು ಹೆಲ್ಮೆಟ್, ಎರಡು ಸಂಖ್ಯೆ

ಕೆಳಗಿನ ಸಂಖ್ಯೆಯಷ್ಟೇ ಮೇಲಿನ ಸಂಖ್ಯೆಯೂ ಮುಖ್ಯ. ಇದನ್ನು ಹೆಲ್ಮೆಟ್ಟಿನ ಉದಾಹರಣೆಯಿಂದ ತಿಳಿಯಬಹುದು.

ಸ್ಕೂಟರಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಗಾಡಿ ನಿಂತಿರುವಾಗಲೇ ಆಯ ತಪ್ಪಿ ಬಿದ್ದರೂ ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವ ವೇಗವೆಷ್ಟು? ವೇಗದ ವರ್ಗವು 2 × 9.8 × 1.6, ಅಂದರೆ 31.36. ಅದರ ವರ್ಗಮೂಲ ಸೆಕೆಂಡಿಗೆ 5.6 ಮೀಟರ್, ಗಂಟೆಗೆ 20 ಕಿಲೋಮೀಟರ್. ಗಾಡಿ ಓಡುತ್ತಿರಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿ.

ಬರಿದಲೆ ಗಟ್ಟಿ ನೆಲಕ್ಕೆ ಬಡಿದು 2 ಮಿಲಿಮೀಟರ್ ದೂರದಲ್ಲಿ ನಿಂತಿತು ಎಂದಾದರೆ ತಲೆಯ ವೇಗ ತಗ್ಗುವ ದರ ಗುರುತ್ವ ವೇಗೋತ್ಕರ್ಷದ 800 ಪಟ್ಟು. ಅದೇ ತಲೆ 25 ಮಿಲಿಮೀಟರ್ ದೂರದಲ್ಲಿ ನಿಧಾನವಾಗಿ ನಿಂತರೆ 64 ಪಟ್ಟು ಮಾತ್ರ. ಹೆಲ್ಮೆಟ್ ಮಾಡುವ ಕೆಲಸ ಇಷ್ಟೇ: ತಲೆ ನಿಲ್ಲಲು ಇನ್ನೂ ಸ್ವಲ್ಪ ದೂರ ಒದಗಿಸಿಕೊಡುವುದು. ಆ ದೂರ ಸಿಗುವುದು ಹೊರಗಿನ ಮಿರುಗುವ ಚಿಪ್ಪಿನಿಂದಲ್ಲ, ಒಳಗೆ ಕೂರಿಸಿದ ಥರ್ಮೋಕೋಲಿನಂಥ ದಪ್ಪ ಪದರದಿಂದ. ಹೊಡೆತ ಬಿದ್ದಾಗ ಆ ಪದರ ತಾನು ಜಜ್ಜಿಹೋಗಿ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಮೊದಲಿನಂತೆ ಆಗದು. ಆದ್ದರಿಂದ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಹಾಕಿಕೊಳ್ಳಬಾರದು.

ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಟೋಪಿಗಳಲ್ಲಿ ಇಂಥ ಪದರದ ಬದಲು ತೆಳುವಾದ ಸ್ಪಂಜು, ಬಟ್ಟೆ ಇರುವುದನ್ನು ನೀವೇ ಒತ್ತಿ ನೋಡಬಹುದು. ಅವು ಪೊಲೀಸರ ಕಣ್ಣಿಗಾಗಿ ಮಾಡಿದವು, ತಲೆಗಾಗಿ ಅಲ್ಲ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಕಟ್ಟಡ ಕೆಲಸದವರು ಹಾಕುವ ಹಳದಿ ಹೆಲ್ಮೆಟ್ಟನ್ನೇ ಧರಿಸಿ ಬೈಕು ಓಡಿಸುವವರನ್ನು ನೀವು ಕಂಡಿರಬಹುದು. ಆ ಹಳದಿ ಹೆಲ್ಮೆಟ್ಟಿನ ಮೇಲೂ ಅಸಲಿ ಐಎಸ್‌ಐ ಮುದ್ರೆ ಇರಬಹುದು! ಅದರಲ್ಲಿ ಮೋಸವೇನಿಲ್ಲ. ಆದರೆ ಸಂಖ್ಯೆ ನೋಡಿ: ಐಎಸ್ 2925. ಅದು ಕೈಗಾರಿಕಾ ಕೆಲಸದ ಹೆಲ್ಮೆಟ್ಟಿನ ಮಾನಕ. ಮೇಲಿನಿಂದ ಇಟ್ಟಿಗೆಯೋ ಕಬ್ಬಿಣದ ತುಂಡೋ ಬಿದ್ದರೆ ನೆತ್ತಿಯನ್ನು ಕಾಯಲೆಂದು ಅದನ್ನು ರೂಪಿಸಲಾಗಿದೆ. ಓಡುವ ಗಾಡಿಯಿಂದ ಬಿದ್ದವರ ಹಣೆ, ಕಪೋಲ, ಹಿಂದಲೆಗಳಿಗೆ ಬೀಳುವ ಪೆಟ್ಟು ಅದರ ಲೆಕ್ಕದಲ್ಲೇ ಇಲ್ಲ. ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್ಟಿನ ಮಾನಕ ಐಎಸ್ 4151. 2021ರ ಜೂನ್ 1ರಿಂದ ಈ ಮುದ್ರೆ ಇಲ್ಲದ ಸವಾರರ ಹೆಲ್ಮೆಟ್ಟನ್ನು ತಯಾರಿಸುವುದಾಗಲಿ ಮಾರುವುದಾಗಲಿ ಕಾನೂನಿಗೆ ವಿರುದ್ಧ.

ಅಕ್ಷರಗಳು ಅವೇ, ಮುದ್ರೆಯೂ ಅದೇ, ಎರಡೂ ಅಸಲಿ. ಆದರೂ ಒಂದು ರಸ್ತೆಗೆ ತಕ್ಕುದು, ಇನ್ನೊಂದು ತಕ್ಕುದಲ್ಲ. ಇದನ್ನು ಹೇಳುವುದು ಮೇಲಿನ ನಾಲ್ಕು ಅಂಕಿಗಳು ಮಾತ್ರ. ಪ್ರತಿಯೊಂದು ಮುದ್ರೆಯೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆ ಯಾವುದೆಂದು ತಿಳಿಯದೆ ಉತ್ತರವನ್ನು ನಂಬಬಾರದು. ಪರೀಕ್ಷೆಯಲ್ಲಿ ಪ್ರಶ್ನೆ ಓದದೆ ಉತ್ತರ ಬರೆದವರಿಗೆ ಸಿಗುವ ಅಂಕ ಎಷ್ಟೆಂದು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಚಾರ್ಜರಿನ ಆರ್, ಆಟಿಕೆಯ ಉರುಳೆ

ಮೊಬೈಲ್ ಚಾರ್ಜರಿನ ಮೇಲೆ ಐಎಸ್‌ಐ ಅಕ್ಷರಗಳನ್ನು ಹುಡುಕಿದರೆ ಸಿಗುವುದಿಲ್ಲ. ಗಾಬರಿ ಬೇಡ. ಎಲೆಕ್ಟ್ರಾನಿಕ್ ವಸ್ತುಗಳಿಗೆ 2012ರ ಆದೇಶದ ಮೂಲಕ ಬೇರೆಯೇ ಒಂದು ಪದ್ಧತಿ ಬಂದಿದೆ. ತಯಾರಕರು ಬ್ಯೂರೋ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ತಮ್ಮ ವಸ್ತುವನ್ನು ಪರೀಕ್ಷೆ ಮಾಡಿಸಿ, ನೋಂದಣಿ ಪಡೆಯಬೇಕು. ಅಂಥ ವಸ್ತುಗಳ ಮೇಲೆ ಬಿಐಎಸ್ ಚಿಹ್ನೆಯ ಜೊತೆಗೆ ಇಂಗ್ಲಿಷಿನ ಆರ್ ಅಕ್ಷರ, ಅದರ ಮುಂದೆ ಎಂಟು ಅಂಕಿಗಳು ಇರುತ್ತವೆ.

ಚಾರ್ಜರಿನೊಳಗೆ ಒಂದು ಬದಿಯಲ್ಲಿ ಗೋಡೆಯಿಂದ ಬಂದ 230 ವೋಲ್ಟ್, ಇನ್ನೊಂದು ಬದಿಯಲ್ಲಿ ಮೊಬೈಲಿಗೆ ಹೋಗುವ 5 ವೋಲ್ಟ್ ಅಥವಾ ತುಸು ಹೆಚ್ಚು. ಇವೆರಡರ ನಡುವೆ ಇರುವುದು ಕೆಲವೇ ಮಿಲಿಮೀಟರುಗಳ ಅಂತರ ಮತ್ತು ತೆಳುವಾದ ವಿದ್ಯುತ್ ನಿರೋಧಕ. ಆ ಗಡಿ ಮುರಿದರೆ 230 ವೋಲ್ಟ್ ನೇರವಾಗಿ ಕೈಯಲ್ಲಿರುವ ಮೊಬೈಲಿಗೇ ಬಂದೀತು. ಪರೀಕ್ಷೆಯಲ್ಲಿ ಈ ಗಡಿಯ ಮೇಲೆ ಸಾವಿರಾರು ವೋಲ್ಟ್ ಪ್ರಯೋಗಿಸಿ ಅದು ತಾಳುತ್ತದೆಯೇ ಎಂದು ನೋಡುತ್ತಾರೆ. ಹೊರಗಿನಿಂದ ನೋಡಿದರೆ ಎರಡು ಚಾರ್ಜರುಗಳು ಅವಳಿಗಳಂತೆ ಕಾಣಬಹುದು, ಗಡಿ ಒಳಗಿದೆ. ಕಣ್ಣಿಗೆ ಕಾಣದ್ದನ್ನು ನಮ್ಮ ಪರವಾಗಿ ಬೇರೊಬ್ಬರು ನೋಡಿದ್ದಾರೆ ಎಂಬುದಕ್ಕೆ ಆ ಆರ್ ಸಂಖ್ಯೆಯೇ ಸಾಕ್ಷಿ.

ಚಿಕ್ಕ ಮಕ್ಕಳಿರುವ ಮನೆಯವರು ಆಟಿಕೆಗಳನ್ನೂ ಗಮನಿಸಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೂ ಐಎಸ್‌ಐ ಮುದ್ರೆ ಕಡ್ಡಾಯ. ವಿದ್ಯುತ್ತಿನಿಂದ ನಡೆಯದ ಆಟಿಕೆಗಳ ಸಂಖ್ಯೆ ಐಎಸ್ 9873, ವಿದ್ಯುತ್ ಅಥವಾ ಬ್ಯಾಟರಿಯಿಂದ ನಡೆಯುವಂಥವಕ್ಕೆ ಐಎಸ್ 15644. ಬಣ್ಣದಲ್ಲಿ ಸೀಸ ಮುಂತಾದ ವಿಷಲೋಹಗಳು ಮಿತಿ ಮೀರಿವೆಯೇ, ಚೂಪಾದ ಅಂಚುಗಳಿವೆಯೇ ಎಂದೆಲ್ಲ ಇದರಲ್ಲಿ ನೋಡುತ್ತಾರೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಇನ್ನೊಂದು ಸರಳ ಪರೀಕ್ಷೆಯಿದೆ. 31.7 ಮಿಲಿಮೀಟರ್ ಒಳವ್ಯಾಸದ ಒಂದು ಪುಟ್ಟ ಉರುಳೆ. ಆಟಿಕೆಯಿಂದ ಕಳಚಿಬಂದ ಯಾವುದೇ ತುಣುಕು ಅದರೊಳಗೆ ಪೂರ್ತಿ ಇಳಿದುಬಿಟ್ಟರೆ ಅದು ಮಗುವಿನ ಗಂಟಲಿಗೂ ಇಳಿದೀತು ಎಂದು ಅರ್ಥ. ರಟ್ಟನ್ನು ಸುತ್ತಿ ಸುಮಾರು ಇದೇ ಅಳತೆಯ ಉರುಳೆಯನ್ನು ನೀವೂ ಮಾಡಿ, ತಂಗಿಯ ಆಟಿಕೆಗಳನ್ನು ಪರೀಕ್ಷಿಸಬಹುದು.

ಆದರೆ ಒಂದು ಎಚ್ಚರಿಕೆ. ಮುದ್ರೆ ಇಲ್ಲದ್ದೆಲ್ಲ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಭೌಗೋಳಿಕ ಗುರುತು ಪಡೆದಿರುವ ನಮ್ಮ ಚನ್ನಪಟ್ಟಣದ ಗೊಂಬೆಗಳಂಥ ವಸ್ತುಗಳಿಗೂ, ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ ಸರ್ಕಾರ ಈ ಕಡ್ಡಾಯದಿಂದ ವಿನಾಯಿತಿ ನೀಡಿದೆ. ಮನೆಯಲ್ಲೇ ಚಕ್ರ ತಿರುಗಿಸಿ ಅರಗಿನ ಬಣ್ಣ ಹಚ್ಚುವವರು ದೊಡ್ಡ ಕಾರ್ಖಾನೆಯಂತೆ ಪ್ರಯೋಗಾಲಯ ಇಟ್ಟುಕೊಳ್ಳಲು ಸಾಧ್ಯವೆ? ಆದ್ದರಿಂದ ಆ ವಿನಾಯಿತಿ ನ್ಯಾಯವಾದದ್ದೇ. ಅಲ್ಲಿ ಉರುಳೆಯ ಪರೀಕ್ಷೆಯನ್ನೂ ಮಗುವಿನ ವಯಸ್ಸಿಗೆ ತಕ್ಕ ಆಯ್ಕೆಯನ್ನೂ ಹೆತ್ತವರೇ ಮಾಡಬೇಕು.

ಮುದ್ರೆ ಹೇಳದ ಮಾತು

ಡಬ್ಬಿಗಳ ಮೇಲೆ ಇನ್ನೂ ಹಲವು ಚಿಹ್ನೆಗಳಿರುತ್ತವೆ. ಅವೆಲ್ಲ ಒಂದೇ ಮಾತನ್ನು ಹೇಳುವುದಿಲ್ಲ. “ಐಎಸ್ಒ 9001 ಪಡೆದ ಕಂಪೆನಿ” ಎಂಬ ಬರಹ ನೋಡಿ. ಆ ಮಾನಕ ಕಾರ್ಖಾನೆಯ ಆಡಳಿತ ಪದ್ಧತಿಗೆ ಸಂಬಂಧಿಸಿದ್ದು. ಕೆಲಸವನ್ನು ಕ್ರಮಬದ್ಧವಾಗಿ ನಡೆಸುತ್ತಾರೆಯೇ, ದಾಖಲೆ ಇಡುತ್ತಾರೆಯೇ ಎಂಬುದನ್ನು ಅದು ಹೇಳುತ್ತದೆ. ಡಬ್ಬಿಯೊಳಗಿನ ಮಿಕ್ಸರನ್ನು ಪರೀಕ್ಷಿಸಲಾಗಿದೆ ಎಂದು ಅದರ ಅರ್ಥವಲ್ಲ. ಸಿಇ ಎಂಬುದು ಯುರೋಪಿನ ಕಾನೂನುಗಳಿಗೆ ತನ್ನ ವಸ್ತು ಹೊಂದುತ್ತದೆ ಎಂದು ತಯಾರಕರು ಘೋಷಿಸುವ ಚಿಹ್ನೆ. ಅನೇಕ ವಸ್ತುಗಳಿಗೆ ಅದು ತಯಾರಕರ ಸ್ವಂತ ಮಾತೇ ಹೊರತು ಹೊರಗಿನವರ ಪರೀಕ್ಷೆಯ ಫಲವಲ್ಲ. ಫ್ರಿಜ್ಜು, ಫ್ಯಾನುಗಳ ಮೇಲಿನ ನಕ್ಷತ್ರಗಳು ವಿದ್ಯುತ್ ಎಷ್ಟು ಉಳಿತಾಯವಾಗುತ್ತದೆ ಎಂಬುದನ್ನು ಹೇಳುತ್ತವೆ. ಐದು ನಕ್ಷತ್ರವಿದ್ದ ಮಾತ್ರಕ್ಕೆ ಐದುಪಟ್ಟು ಸುರಕ್ಷಿತ ಎಂದಾಗದು.

ಐಎಸ್‌ಐ ಮುದ್ರೆಗೂ ಮಿತಿಯಿದೆ. ಅದು ಕನಿಷ್ಠ ಮಟ್ಟವನ್ನು ಹೇಳುತ್ತದೆ, ಮಾರುಕಟ್ಟೆಯಲ್ಲಿ ಅತ್ಯುತ್ತಮವಾದದ್ದು ಇದೇ ಎಂದು ಹೇಳುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನದ ವಸ್ತುವಿಗೆ ಅದು ಸಾಕ್ಷಿ. ಹತ್ತು ವರ್ಷ ಬಳಸಿ, ರಬ್ಬರು ಗಟ್ಟಿಯಾಗಿ, ವಾಲ್ವ್ ಬದಲಾಯಿಸಿದ ಮೇಲೆ ಅದೇ ಮುದ್ರೆ ಅದೇ ಮಾತನ್ನು ಹೇಳಲಾರದು. ಗ್ಯಾಸ್ ಒಲೆ ಒಳ್ಳೆಯದಿದ್ದು ಅದಕ್ಕೆ ಜೋಡಿಸಿದ ಕೊಳವೆ ಅಗ್ಗದ್ದಾಗಿದ್ದರೆ ಪ್ರಯೋಜನವಿಲ್ಲ. ಒಲೆಗೆ ಐಎಸ್ 4246, ರಬ್ಬರ್ ಕೊಳವೆಗೆ ಐಎಸ್ 9573 ಎಂದು ಬೇರೆ ಬೇರೆ ಸಂಖ್ಯೆಗಳಿರುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಹೇಳಿದಾಗ ಹೆತ್ತವರು ಕೇಳಬಹುದು: “ಮುದ್ರೆ ಇರುವುದಕ್ಕೆ ಬೆಲೆ ಜಾಸ್ತಿಯಲ್ಲವೆ?” ಹೌದು, ಹಲವು ಬಾರಿ ಜಾಸ್ತಿ. ತಗಡಿನ ದಪ್ಪ, ಒಳ್ಳೆಯ ರಬ್ಬರು, ಪರೀಕ್ಷೆ ಎಲ್ಲಕ್ಕೂ ಖರ್ಚಿದೆ. ಕೈಯಲ್ಲಿ ಹಣ ಕಡಿಮೆಯಿದ್ದಾಗ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದೇ ವಿವೇಕ. ಬಕೆಟ್ಟು ಅಗ್ಗದ್ದಾದರೆ ಬಿರುಕು ಬಿಟ್ಟೀತು, ನೀರು ಚೆಲ್ಲೀತು. ಒತ್ತಡ, ವಿದ್ಯುತ್ತು, ಅನಿಲ, ವೇಗ ಈ ನಾಲ್ಕರಲ್ಲಿ ಒಂದಾದರೂ ಇರುವ ವಸ್ತುವಿನಲ್ಲಿ ಮಾತ್ರ ಮುದ್ರೆ ಓದದೆ ದುಡ್ಡು ಕೊಡಬೇಡಿ. ಉಳಿತಾಯವನ್ನು ಬಣ್ಣದಲ್ಲಿ, ಗಾತ್ರದಲ್ಲಿ, ಹೆಸರಾಂತ ಕಂಪೆನಿಯ ಮೋಹದಲ್ಲಿ ಮಾಡಿಕೊಳ್ಳಬಹುದು.

ಈ ವಾರದ ಮನೆಪಾಠ

ವಿದ್ಯಾರ್ಥಿಗಳೇ, ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ವಸ್ತು, ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ, ಸರಿಯೇ ತಪ್ಪೇ. ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಗ್ಯಾಸ್ ಒಲೆ, ಅದರ ಕೊಳವೆ, ನೀರು ಕಾಯಿಸುವ ಹೀಟರ್, ಪ್ಲಗ್ಗು, ಚಾರ್ಜರ್, ಹೆಲ್ಮೆಟ್ ಇವನ್ನು ಪಟ್ಟಿ ಮಾಡಿ. ವಿದ್ಯುತ್ ಉಪಕರಣಗಳನ್ನು ನೋಡುವ ಮುನ್ನ ಪ್ಲಗ್ಗನ್ನು ತೆಗೆದಿಡಬೇಕು. ದೊಡ್ಡವರು ಜೊತೆಯಲ್ಲಿರಲಿ.

ನಾಲ್ಕನೆಯ ಕಾಲಂ ತುಂಬಲು ಮನೆಯವರ ಮೊಬೈಲ್ ಬೇಕು. ಬ್ಯೂರೋದವರ ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಪರವಾನಗಿ ಸಂಖ್ಯೆಯನ್ನು ಕೊಟ್ಟರೆ ಅದು ಯಾವ ತಯಾರಕರದು, ಯಾವ ವಸ್ತುವಿನದು, ಈಗಲೂ ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಚಾರ್ಜರಿನ ಆರ್ ಸಂಖ್ಯೆಯನ್ನೂ ಚಿನ್ನದ ಒಡವೆಯ ಮೇಲಿನ ಆರು ಅಕ್ಷರಾಂಕಿಗಳ ಹಾಲ್‌ಮಾರ್ಕ್ ಗುರುತನ್ನೂ ಅದರಲ್ಲೇ ತಾಳೆ ನೋಡಬಹುದು. ಕುಕ್ಕರಿನ ಸಂಖ್ಯೆ ಕೊಟ್ಟಾಗ ಬೇರಾವುದೋ ವಸ್ತುವಿನ ಹೆಸರು ಬಂದರೆ, ಅಥವಾ ಅಂಥ ಸಂಖ್ಯೆಯೇ ಇಲ್ಲವೆಂದು ತಿಳಿದರೆ, ಅದೇ ಆ್ಯಪ್‌ನಲ್ಲಿ ದೂರು ಕೊಡಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪರವಾನಗಿ ಇಲ್ಲದೆ ಮುದ್ರೆ ಬಳಸುವುದು 2016ರ ಕಾಯಿದೆಯ ಪ್ರಕಾರ ಅಪರಾಧ. ಒಬ್ಬರು ಕೊಟ್ಟ ದೂರಿನಿಂದ ಅದೇ ಅಂಗಡಿಗೆ ಬರಲಿರುವ ಹತ್ತು ಮನೆಯವರಿಗೆ ಒಳಿತಾದೀತು.

ಪಟ್ಟಿ ಮುಗಿದ ಮೇಲೆ ಅದನ್ನು ಶಾಲೆಗೆ ಒಯ್ದು ಗೆಳೆಯರ ಪಟ್ಟಿಗಳೊಂದಿಗೆ ಹೋಲಿಸಿ ನೋಡಿ. ಬ್ಯೂರೋ ಶಾಲೆಗಳಲ್ಲಿ ಮಾನಕ ಕ್ಲಬ್ಬುಗಳನ್ನೂ ನಡೆಸುತ್ತಿದೆ. ನಿಮ್ಮ ಶಾಲೆಯಲ್ಲಿ ಇಲ್ಲವಾದರೆ ವಿಜ್ಞಾನದ ಮೇಷ್ಟ್ರನ್ನು ಕೇಳಿ. ಪ್ರತಿವರ್ಷ ಅಕ್ಟೋಬರ್ 14 ವಿಶ್ವ ಮಾನಕ ದಿನ. ಪಟ್ಟಿಗಳನ್ನು ಸೂಚನಾ ಫಲಕದ ಮೇಲೆ ಹಾಕಲು ಅದು ಒಳ್ಳೆಯ ದಿನ.

ಹೆತ್ತವರಲ್ಲಿ ಒಂದು ವಿನಂತಿ. ಮುಂದಿನ ಸಲ ಕುಕ್ಕರಿಗೆ ಹೊಸ ವಾಲ್ವ್ ತರುವಾಗ, ಹೆಲ್ಮೆಟ್ ಕೊಳ್ಳುವಾಗ ಮಕ್ಕಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅವರು ಡಬ್ಬಿಯನ್ನು ತಿರುಗಿಸಿ ಸಂಖ್ಯೆ ಓದುತ್ತಾ ನಿಂತರೆ “ಬೇಗ ಬಾ” ಎಂದು ಗದರಬೇಡಿ. ಒತ್ತಡ, ಬಲ, ವೇಗೋತ್ಕರ್ಷಗಳ ಪಾಠವನ್ನು ಅವರು ಆಗಲೇ ಓದುತ್ತಿರುತ್ತಾರೆ.